ನಿಮ್ಮ ಎರಡು ಬೇಸಿಗೆ, ಆ ನೆಲದ ನಲವತ್ತು ವರ್ಷ

ಹೋದ ತಿಂಗಳು ಎಂಎಸ್ಸಿ ಓದುತ್ತಿರುವ ಹುಡುಗ ಹುಡುಗಿಯರ ಮುಂದೆ ಒಂದು ಗಂಟೆ ಮಾತಾಡಿದೆ. ವಿಷಯ: ಟಂಡ್ರಾದಲ್ಲಿ, ಅಂದರೆ ಉತ್ತರ ಧ್ರುವದ ಸುತ್ತಲಿನ ಮರವಿಲ್ಲದ ಶೀತ ನಾಡಿನಲ್ಲಿ, ಫೀಲ್ಡ್ ವರ್ಕ್ ಮಾಡಲು ವಿದ್ಯಾರ್ಥಿಗಳಿಗೆ ಏನೇನು ದಾರಿಗಳಿವೆ ಅನ್ನುವುದು. ರೆಕಾರ್ಡಿಂಗಿನಲ್ಲಿ ನನ್ನ ಮಾತಿಗಿಂತ ಫ್ಯಾನಿನ ಸದ್ದೇ ಜಾಸ್ತಿ ಇದೆ ಅಂತ ಕೆಲವರು ದೂರಿದರು. ಅದಕ್ಕೇ ಬರೆದು ಹಾಕುತ್ತಿದ್ದೇನೆ. ಮಾತಾಡಿದ ಹಾಗೇ ಇದೆ, ಹೆಚ್ಚು ತಿದ್ದಿಲ್ಲ.

ಎಲ್ಲರಿಗೂ ನಮಸ್ಕಾರ. ಪೋಸ್ಟರಿನಲ್ಲಿ ಹಿಮಕರಡಿ ಹಾಕಿದ್ದೀರಿ, ಚೆನ್ನಾಗಿದೆ. ಆದರೆ ನಾನು ಬೇಸಿಗೆಗಳನ್ನು ಕಳೆದ ಜಾಗದಲ್ಲಿ ಒಂದು ಸಲವೂ ಹಿಮಕರಡಿ ನೋಡಿಲ್ಲ. ಅದು ಸಮುದ್ರದ ಅಂಚಿನ ಪ್ರಾಣಿ. ನಾನಿದ್ದದ್ದು ಸಮುದ್ರದಿಂದ ಸುಮಾರು 200 ಕಿ.ಮೀ. ಒಳಗೆ. ಕಂದು ಕರಡಿ ಎರಡು ಸಲ ಕಂಡಿತು, ಅದೂ ಬೈನಾಕ್ಯುಲರ್‌ನಲ್ಲಿ. ಸಮಾಧಾನ ಮಾಡಿಕೊಳ್ಳಿ.

ನಾನು ತಂದಿರುವ ಮೊದಲ ಫೋಟೋ ಇದು. ಉದ್ದನೆಯ ಮೇಜು, ಸುತ್ತ ಆರು ಜನ, ಎಲ್ಲರ ಕೈಯಲ್ಲೂ ಒಂದೊಂದು ಚಿಮಟ. ಮುಂದೆ ಒಂದು ಗೇಣು ಚೌಕದ ಹುಲ್ಲು ಮಣ್ಣಿನ ಹೆಂಟೆ. ಅದರಲ್ಲಿರುವ ಪ್ರತಿ ಗಿಡವನ್ನೂ ಬಿಡಿಸಿ, ಜಾತಿ ಬೇರೆ ಮಾಡಿ, ಎಲೆ ಒಂದು ಕಡೆ, ಕಾಂಡ ಒಂದು ಕಡೆ, ಈ ವರ್ಷ ಚಿಗುರಿದ್ದು ಬೇರೆ, ಹಳೆಯದು ಬೇರೆ, ಸತ್ತದ್ದು ಬೇರೆ ಅಂತ ಇಡಬೇಕು. ಆಮೇಲೆ ಒಣಗಿಸಿ ತೂಗಬೇಕು. ಅಲ್ಲಿ ಇದನ್ನು 'ಪ್ಲಕ್' ಅನ್ನುತ್ತಾರೆ. ಒಂದು ಹೆಂಟೆಗೆ ಒಂದಿಡೀ ದಿನ ಹಿಡಿದರೂ ಆಶ್ಚರ್ಯವಿಲ್ಲ. ನಮ್ಮ ಕಡೆ ಅಡಿಕೆ ಸುಲಿಯುವಾಗ ಎಲ್ಲರೂ ಮೆಟ್ಟುಗತ್ತಿ ಹಾಕಿಕೊಂಡು ಕೂತು ರಾತ್ರಿ ಹನ್ನೊಂದರವರೆಗೆ ಊರಿನ ಸುದ್ದಿಯನ್ನೆಲ್ಲ ಬಿಡಿಸುತ್ತಾರಲ್ಲ, ಹೆಚ್ಚು ಕಮ್ಮಿ ಅದೇ. ಯಾರ ಗೈಡ್ ಒಳ್ಳೆಯವರು, ಯಾರ ಗ್ರ್ಯಾಂಟ್ ಮುಗಿಯಿತು, ಯಾರು ಪಿಎಚ್‌ಡಿ ಬಿಟ್ಟು ಹೋದರು, ಎಲ್ಲ ಅಲ್ಲೇ ಗೊತ್ತಾಗುತ್ತದೆ. ನಾನು ಕಲಿತ ಟಂಡ್ರಾದಲ್ಲಿ ಅರ್ಧ ಆ ಮೇಜಿನ ಮೇಲೇ ಕಲಿತದ್ದು.

ಜಾಗದ ಹೆಸರು ಟೂಲಿಕ್. ಅಲಾಸ್ಕಾದ ಉತ್ತರದ ಇಳಿಜಾರು, ಬ್ರೂಕ್ಸ್ ಪರ್ವತಸಾಲಿನ ಬುಡ, 68 ಡಿಗ್ರಿ ಉತ್ತರ ಅಕ್ಷಾಂಶದ ಮೇಲಿದೆ. ಅಲ್ಲಿನ ಇನ್ಯುಪಿಯಾಕ್ ಭಾಷೆಯಲ್ಲಿ ಹಳದಿ ಕೊಕ್ಕಿನ ಲೂನ್ ಎಂಬ ನೀರುಹಕ್ಕಿಗಿರುವ ಹೆಸರಿಂದ ಬಂದದ್ದು. 1975ರಲ್ಲಿ ಕೆರೆಯೊಂದರ ಪಕ್ಕ ಕ್ಯಾಂಪ್ ಹಾಗೆ ಶುರುವಾದ ಸಂಶೋಧನಾ ಕೇಂದ್ರ. ಅಲಾಸ್ಕಾ ಫೇರ್‌ಬ್ಯಾಂಕ್ಸ್ ವಿಶ್ವವಿದ್ಯಾಲಯ ಅದನ್ನು ನಡೆಸುತ್ತದೆ. ಯಾಕೆ ಅಲ್ಲೇ ಅಂದರೆ, ರಸ್ತೆ ಇದ್ದದ್ದೇ ಅಲ್ಲಿ. ಎಣ್ಣೆಯ ಪೈಪ್‌ಲೈನ್ ಹಾಕಬೇಕು ಅಂತ 1974ರಲ್ಲಿ ಡಾಲ್ಟನ್ ಹೆದ್ದಾರಿ ಮಾಡಿದರು, ಅದರ ಬೆನ್ನಿಗೇ ಕೆರೆ ನೋಡುವವರು, ಹುಲ್ಲು ನೋಡುವವರು ಹೋದರು. ಭೂಮಿ ಬಿಸಿಯಾಗುವುದನ್ನು ಅಳೆಯುವ ಇಷ್ಟು ದೊಡ್ಡ ಕೆಲಸ ಎಣ್ಣೆಯ ರಸ್ತೆ ಹಿಡಿದು ಶುರುವಾಯಿತು ಅನ್ನುವುದು ನನಗೆ ಈಗಲೂ ಒಂಥರಾ ತಮಾಷೆ ಅನಿಸುತ್ತದೆ.

ಫೇರ್‌ಬ್ಯಾಂಕ್ಸ್‌ನಿಂದ ಸುಮಾರು 600 ಕಿ.ಮೀ., ಹತ್ತು ಗಂಟೆಯ ದಾರಿ, ಹೆಚ್ಚಿನದು ಜಲ್ಲಿ ರಸ್ತೆ. ಎದುರು ಬರುವ ಲಾರಿಗಳು ಕಲ್ಲು ಹಾರಿಸಿ ಗಾಜು ಒಡೆಯುತ್ತವೆ. ಯೂಕಾನ್ ನದಿ ದಾಟಿ, ಕೋಲ್ಡ್‌ಫೂಟ್ ಎಂಬಲ್ಲಿ ಊಟ ಮಾಡಿ ಮುಂದೆ ಹೋದರೆ ಒಂದು ಕಡೆ ಮರಗಳು ಮುಗಿಯುತ್ತವೆ. ನಿಜವಾಗಿ ಮುಗಿದೇ ಹೋಗುತ್ತವೆ. ಆಮೇಲೆ ಆಟಿಗನ್ ಘಾಟಿ ಹತ್ತಿ ಇಳಿದರೆ ಮುಂದಕ್ಕೆ ಮರವಿಲ್ಲ, ನೆರಳಿಲ್ಲ, ಮರೆಯೂ ಇಲ್ಲ. ಮರೆಯಿಲ್ಲ ಅಂದದ್ದು ಯಾಕೆ ಅಂತ ಫೀಲ್ಡಿಗೆ ಹೋದ ಮೊದಲ ದಿನವೇ ಹೆಣ್ಣುಮಕ್ಕಳಿಗೆ ಗೊತ್ತಾಗುತ್ತದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ಜೊತೆಗಿರುವವರಿಗೆ 'ಆ ಕಡೆ ತಿರುಗಿ' ಅನ್ನುವುದು, ಅವರು ತಿರುಗುವುದು, ಎಲ್ಲ ಎರಡೇ ದಿನದಲ್ಲಿ ರೂಢಿಯಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. 'ಅವಕಾಶ' ಅಂದಾಗ ನೀವೆಲ್ಲ ಜಾಗದ ಬಗ್ಗೆ ಯೋಚಿಸುತ್ತೀರಿ. ಯಾವ ಕೇಂದ್ರ, ಯಾವ ದೇಶ, ಯಾರು ದುಡ್ಡು ಕೊಡುತ್ತಾರೆ. ಅದೆಲ್ಲ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಒಂದು ತೊಂದರೆ ಇದೆ, ಅದನ್ನು ಅರ್ಥ ಮಾಡಿಕೊಳ್ಳದೆ ಹೋದರೆ ಹೋಗಿಯೂ ಉಪಯೋಗವಿಲ್ಲ. ಟಂಡ್ರಾ ಬಹಳ ನಿಧಾನ. ನಿಮ್ಮ ಹತ್ತಿರ ಇರುವ ಸಮಯ ಬಹಳ ಕಡಿಮೆ. ಎಂಎಸ್ಸಿ ಪ್ರಾಜೆಕ್ಟಿಗೆ ಸಿಗುವುದು ಒಂದು ಬೇಸಿಗೆ, ಪಿಎಚ್‌ಡಿಗೆ ಎರಡೋ ಮೂರೋ. ಅಲ್ಲಿನ ಬೇಸಿಗೆ ಅಂದರೆ ಜೂನ್‌ನಿಂದ ಆಗಸ್ಟ್. ಜುಲೈನಲ್ಲೂ ಒಂದು ಬೆಳಿಗ್ಗೆ ಎದ್ದರೆ ಟೆಂಟಿನ ಮೇಲೆ ಹಿಮ ಬಿದ್ದಿರಬಹುದು.

ಎಷ್ಟು ನಿಧಾನ ಅಂತ ಹೇಳಲು ಒಂದು ಕಥೆ. ಅಲ್ಲಿನ ಮಣ್ಣಿನಲ್ಲಿ ಸಾರಜನಕ, ರಂಜಕ ಬಹಳ ಕಡಿಮೆ. ಇಲ್ಲ ಅಂತಲ್ಲ, ಬಿಟ್ಟುಕೊಡುವುದಿಲ್ಲ. ಮಲೆನಾಡಿನಲ್ಲಿ ಎಲೆ ಬಿದ್ದರೆ ಒಂದು ಮಳೆಗಾಲ ಕಳೆಯುವುದರೊಳಗೆ ಗೊಬ್ಬರ. ಟಂಡ್ರಾದಲ್ಲಿ ಬಿದ್ದ ಎಲೆ ಫ್ರಿಜ್‌ನಲ್ಲಿಟ್ಟ ಸೊಪ್ಪಿನ ಹಾಗೆ ಇರುತ್ತದೆ. ಕೆಳಗೆ ಪರ್ಮಾಫ್ರಾಸ್ಟ್, ಅಂದರೆ ಬೇಸಿಗೆಯಲ್ಲೂ ಕರಗದ ಹೆಪ್ಪು ನೆಲ. ಮೇಲಿನ ಅರ್ಧ ಮೀಟರ್ ಆಸುಪಾಸು ಮಾತ್ರ ಬೇಸಿಗೆಯಲ್ಲಿ ಕರಗುತ್ತದೆ. ಹೀಗೆ ಕೊಳೆಯದೆ ಸಾವಿರಾರು ವರ್ಷದಿಂದ ಸೇರಿದ ಇಂಗಾಲ ಉತ್ತರದ ಪರ್ಮಾಫ್ರಾಸ್ಟ್ ನಾಡಿನಲ್ಲೆಲ್ಲ ಒಟ್ಟು ಸುಮಾರು ಒಂದೂವರೆ ಲಕ್ಷ ಕೋಟಿ ಟನ್ ಇದೆ. ಈಗ ಗಾಳಿಯಲ್ಲಿರುವುದರ ಹೆಚ್ಚುಕಮ್ಮಿ ಎರಡರಷ್ಟು. ಬಿಸಿ ಜಾಸ್ತಿಯಾದರೆ ಇದು ಕೊಳೆಯುತ್ತದೆ, ಕೊಳೆತರೆ ಇಂಗಾಲ ಗಾಳಿಗೆ ಸೇರುತ್ತದೆ, ಜೊತೆಗೆ ಗೊಬ್ಬರವೂ ಸಿಗುತ್ತದೆ, ಗೊಬ್ಬರ ಸಿಕ್ಕರೆ ಗಿಡ ಬೆಳೆಯುತ್ತದೆ, ಗಿಡ ಬೆಳೆದರೆ ಇಂಗಾಲ ವಾಪಸು ಹೀರುತ್ತದೆ. ಹಾಗಾದರೆ ಕೊನೆಗೆ ಲಾಭವೋ ನಷ್ಟವೋ?

ಇದನ್ನು ನೋಡಲು 1981ರಲ್ಲಿ ಟೂಲಿಕ್‌ನಲ್ಲಿ ಪ್ಲಾಟುಗಳಿಗೆ, ಅಂದರೆ ಪ್ರಯೋಗಕ್ಕೆ ಗುರುತು ಮಾಡಿದ ನೆಲದ ತುಂಡುಗಳಿಗೆ, ಗೊಬ್ಬರ ಹಾಕಲು ಶುರು ಮಾಡಿದರು. ಟೆರ್ರಿ ಚೇಪಿನ್, ಗಸ್ ಶೇವರ್ ಮತ್ತು ಅವರ ಜೊತೆಯವರು. ಪ್ರತಿ ವರ್ಷ ಚದರ ಮೀಟರಿಗೆ 10 ಗ್ರಾಂ ಸಾರಜನಕ, 5 ಗ್ರಾಂ ರಂಜಕ. ತೋಟದವರಿಗೆ ಇದೇನು ಮಹಾ ಅನಿಸಬಹುದು, ಅಲ್ಲಿಯ ಗಿಡಕ್ಕೆ ಅದು ಮದುವೆ ಊಟ. ಮೂರು ವರ್ಷ ನೋಡಿದರು. ಒಂಬತ್ತು ವರ್ಷಕ್ಕೆ ಮತ್ತೆ ನೋಡಿದರು. 1995ರಲ್ಲಿ ಬಂದ ಅವರ ಲೇಖನದ ಒಂದು ಮುಖ್ಯ ಮಾತೇ ಇದು: ಮೂರನೇ ವರ್ಷದಲ್ಲಿ ಕಂಡದ್ದನ್ನು ನಂಬಿ ಒಂಬತ್ತನೇ ವರ್ಷದಲ್ಲಿ ಏನಾಗುತ್ತದೆ ಅಂತ ಹೇಳಲು ಆಗುವುದಿಲ್ಲ. ಸುಮ್ನೆ ಒಂದು ಕ್ಷಣ ಯೋಚನೆ ಮಾಡಿ. ಮೂರು ವರ್ಷ ಅಂದರೆ ಒಬ್ಬರ ಪಿಎಚ್‌ಡಿಯ ಇಡೀ ಫೀಲ್ಡ್ ವರ್ಕ್.

ಅಲ್ಲಿಗೂ ಮುಗಿಯಲಿಲ್ಲ. ಹೋಗ್ತಾ ಹೋಗ್ತಾ ಹುಲ್ಲಿನ ಜಾಗವನ್ನೆಲ್ಲ ಮೊಣಕಾಲೆತ್ತರದ ಬರ್ಚ್ ಪೊದೆ ಆಕ್ರಮಿಸಿಕೊಂಡಿತು. ಬೆಟುಲಾ ನಾನಾ ಅಂತ ಹೆಸರು, ಹೆಸರಿಗೆ ತಕ್ಕ ಹಾಗೆ ಎಲ್ಲಿ ನೋಡಿದರೂ ನಾನಾ ನಾನಾ. ಪ್ಲಾಟು ಹಸಿರಾಗಿ, ನೋಡಿದವರೆಲ್ಲ ಇಲ್ಲಿ ಇಂಗಾಲ ಸೇರುತ್ತಿದೆ ಅನ್ನಬೇಕು, ಹಾಗಿತ್ತು. 20 ವರ್ಷ ಆದ ಮೇಲೆ ಮಿಶೆಲ್ ಮ್ಯಾಕ್ ಮತ್ತು ಸಂಗಡಿಗರು ಮಣ್ಣನ್ನು ಆಳದವರೆಗೆ ಅಗೆದು ಲೆಕ್ಕ ಹಾಕಿದರು. 2004ರಲ್ಲಿ 'ನೇಚರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಮೇಲೆ ಗಿಡ ಎರಡರಷ್ಟು ಬೆಳೆದಿದ್ದರೂ ಒಟ್ಟಾರೆ ಚದರ ಮೀಟರಿಗೆ ಹತ್ತಿರ ಹತ್ತಿರ 2 ಕೆಜಿ ಇಂಗಾಲ ಕಡಿಮೆಯಾಗಿತ್ತು. ಗೊಬ್ಬರ ಗಿಡಕ್ಕೆ ಮಾತ್ರ ಅಲ್ಲ, ಕೆಳಗಿನ ಸೂಕ್ಷ್ಮಜೀವಿಗಳಿಗೂ ಸಿಕ್ಕಿತ್ತು. ಅವು ಹಳೆಯ ಗಂಟಿಗೇ ಕೈ ಹಾಕಿದ್ದವು.

ನದಿಯಲ್ಲೂ ಇದೇ ಪಾಠ. ಡಾಲ್ಟನ್ ರಸ್ತೆ ದಾಟುವ ಕುಪಾರುಕ್ ನದಿಗೆ 1983ರಿಂದ ಪ್ರತಿ ಬೇಸಿಗೆ ಹನಿ ಹನಿಯಾಗಿ ರಂಜಕ ಬಿಡುತ್ತಾ ಬಂದರು. ಮೊದಲು ಕಲ್ಲಿನ ಮೇಲೆ ಪಾಚಿ ಹೆಚ್ಚಿತು, ಹುಳ ಹೆಚ್ಚಿತು, ಮೀನು ದಪ್ಪವಾಯಿತು. ಎಲ್ಲ ಅಂದುಕೊಂಡ ಹಾಗೇ. ಎಂಟು ವರ್ಷ ಆದ ಮೇಲೆ ಹಾವಸೆ, ಅಂದರೆ ಮಾಸ್ ಜಾತಿಯ ಗಿಡ, ಬಂದು ನದಿಯ ತಳವನ್ನೇ ಮುಚ್ಚಿಬಿಟ್ಟಿತು, ಹುಳಗಳ ಲೆಕ್ಕವೂ ತಿರುಗಿಹೋಯಿತು. ನಾಲ್ಕನೇ ವರ್ಷಕ್ಕೆ ದುಡ್ಡು ಮುಗಿಯಿತು ಅಂತ ನಿಲ್ಲಿಸಿದ್ದರೆ? ನಮ್ಮ ಪಠ್ಯಪುಸ್ತಕದಲ್ಲಿ ಈಗಲೂ ತಪ್ಪು ಉತ್ತರವೇ ಇರುತ್ತಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಇದು, ಒಪ್ಪದವರೂ ಇದ್ದಾರೆ. ಟಂಡ್ರಾದಲ್ಲಿ ವಿದ್ಯಾರ್ಥಿಗೆ ಸಿಗಬಹುದಾದ ಅತಿ ದೊಡ್ಡ ಅವಕಾಶ ಹೊಸ ಜಾಗ ಅಲ್ಲ, ಹಳೇ ಪ್ಲಾಟು. ನೀವು ಹುಟ್ಟುವ ಮೊದಲೇ ಯಾರೋ ಗೂಟ ಹೊಡೆದು, ವರ್ಷ ವರ್ಷವೂ ಯಾರೋ ಒಬ್ಬರು ಬಂದು ಗೊಬ್ಬರ ಹಾಕಿ, ಹೆಸರೂ ಉಳಿಯದ ಹಾಗೆ ವಾಪಸು ಹೋಗಿರುವ ಪ್ಲಾಟು. ಅದಕ್ಕೆ ಹೋಗಿ ನೀವು ಹೊಸ ಪ್ರಶ್ನೆ ಕೇಳಬೇಕು. ಆಗ ನಿಮ್ಮ ಎರಡು ಬೇಸಿಗೆಗೆ ನಲವತ್ತು ವರ್ಷದ ತೂಕ ಬರುತ್ತದೆ.

ಹಾಗೆ ಮಾಡಿದವರಿದ್ದಾರೆ. 1989ರಿಂದ ಟೂಲಿಕ್‌ನ ಕೆಲವು ಪ್ಲಾಟುಗಳ ಮೇಲೆ ಬೇಸಿಗೆ ಬಂತೆಂದರೆ ಪ್ಲಾಸ್ಟಿಕ್ ಹಸಿರುಮನೆ ಕಟ್ಟುತ್ತಾರೆ. ಒಳಗೆ ಸ್ವಲ್ಪ ಬೆಚ್ಚಗೆ. ಸೀತಾ ಸಿಸ್ಲಾ ಎನ್ನುವವರು ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವಾಗ ಈ ಇಪ್ಪತ್ತು ವರ್ಷ ಹಳೆಯ ಹಸಿರುಮನೆಯ ಮಣ್ಣನ್ನು ತೆಗೆದು ನೋಡಿದರು. ಗೊಬ್ಬರದ ಪ್ಲಾಟಿನ ಹಾಗೇ ಇಲ್ಲೂ ಇಂಗಾಲ ಖಾಲಿಯಾಗಿರಬೇಕು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಆಗಿರಲಿಲ್ಲ. ಪೊದೆ ಹೆಚ್ಚಾಗಿತ್ತು, ಮಣ್ಣಿನೊಳಗಿನ ಜೀವಜಾಲ ಬದಲಾಗಿತ್ತು, ಒಟ್ಟು ಇಂಗಾಲ ಮಾತ್ರ ಹಾಗೇ ಇತ್ತು. 2013ರಲ್ಲಿ ಅದೂ 'ನೇಚರ್'ನಲ್ಲಿ ಬಂತು. ಪಕ್ಕಪಕ್ಕದ ಪ್ಲಾಟು, ಎರಡು ಬೇರೆ ಉತ್ತರ. ಜಗಳಕ್ಕೆ ಇನ್ನೂ ಜಾಗವಿದೆ, ಅಂದರೆ ನಿಮಗೆ ಕೆಲಸವಿದೆ.

ಇನ್ನೊಂದು ನನಗೆ ತುಂಬ ಇಷ್ಟವಾದದ್ದು. ಅಲ್ಲಿನ ಮುಖ್ಯ ಗಿಡ ಕಾಟನ್ ಗ್ರಾಸ್, ಜೇಕಿನ ಜಾತಿಯದು, ಗುಪ್ಪೆ ಗುಪ್ಪೆಯಾಗಿ ಬೆಳೆಯುತ್ತದೆ. ಒಂದು ಗುಪ್ಪೆಗೆ ನೂರು ವರ್ಷ ದಾಟಿರಬಹುದು. 1980ರ ದಶಕದ ಶುರುವಿನಲ್ಲಿ ಡಾಲ್ಟನ್ ರಸ್ತೆಯುದ್ದಕ್ಕೂ ದಕ್ಷಿಣದ ಗುಪ್ಪೆ ಉತ್ತರಕ್ಕೆ, ಉತ್ತರದ್ದು ದಕ್ಷಿಣಕ್ಕೆ ಕಿತ್ತು ನೆಟ್ಟರು. ಯಾವುದು ಎಲ್ಲಿ ಚೆನ್ನಾಗಿ ಬಾಳುತ್ತದೆ ಅಂತ ನೋಡಲು. ಸುಮಾರು ಮೂವತ್ತು ವರ್ಷ ಆದ ಮೇಲೆ ಹೋಗಿ ಎಣಿಸಿದಾಗ ಕಂಡದ್ದು ಏನು ಗೊತ್ತಾ? ಪ್ರತಿ ಗುಪ್ಪೆಗೂ ಹೇಳಿ ಮಾಡಿಸಿದಂಥ ಹವೆ ಈಗ ಅದರ ತವರಿನಲ್ಲಿಲ್ಲ, ಅಲ್ಲಿಂದ ಸುಮಾರು 140 ಕಿ.ಮೀ. ಉತ್ತರಕ್ಕಿದೆ. ಗಿಡ ನಿಂತಲ್ಲೇ ನಿಂತಿದೆ, ಅದರ ಊರೇ ಎದ್ದು ಹೋಗಿದೆ. ನೆಟ್ಟವರು ಆ ಉತ್ತರಕ್ಕಾಗಿ ನೆಟ್ಟಿರಲೇ ಇಲ್ಲ.

ಸರಿ, ಒಳಗೆ ಹೋಗುವುದು ಹೇಗೆ? ಕಹಿ ಸುದ್ದಿ ಮೊದಲು. ಅಮೆರಿಕದಲ್ಲಿ ಬೇಸಿಗೆ ಸಂಶೋಧನೆಗೆ ಅಂತ ಅಲ್ಲಿನ ಸರ್ಕಾರದ ವಿಜ್ಞಾನ ನಿಧಿ ಎನ್‌ಎಸ್‌ಎಫ್ ಕೊಡುವ ಆರ್‌ಇಯು ಅನ್ನುವ ಯೋಜನೆ ಇದೆ, ನಿಮ್ಮಲ್ಲಿ ನಾಲ್ಕು ಜನ ಅದರ ಬಗ್ಗೆ ಕೇಳಿ ಚೀಟಿ ಕಳಿಸಿದ್ದೀರಿ. ಅದು ಡಿಗ್ರಿ ಓದುವವರಿಗೆ, ಅದೂ ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಇಲ್ಲಿಂದ ನೇರವಾಗಿ ಫೀಲ್ಡ್ ಅಸಿಸ್ಟೆಂಟ್ ಆಗಿ ಹೋಗುವುದಕ್ಕೂ ವೀಸಾ ಅಡ್ಡ ಬರುತ್ತದೆ. ಅಮೆರಿಕದ ದಾರಿ ಅಂದರೆ ಅಲ್ಲಿ ಎಂಎಸ್ ಅಥವಾ ಪಿಎಚ್‌ಡಿಗೆ ಸೇರುವುದು, ಅದೂ ಈಗಾಗಲೇ ಟಂಡ್ರಾದಲ್ಲಿ ಗ್ರ್ಯಾಂಟ್ ಇರುವ ಪ್ರೊಫೆಸರ್ ಹತ್ತಿರ. ಗ್ರ್ಯಾಂಟ್ ಇದ್ದರೆ ಕೇಂದ್ರದಲ್ಲಿ ಉಳಿಯುವ ಖರ್ಚು ನಿಮ್ಮ ಜೇಬಿಗೆ ಬರುವುದಿಲ್ಲ. ಇಲ್ಲದಿದ್ದರೆ ಆ ಖರ್ಚಿನ ಬಗ್ಗೆ ಯೋಚಿಸಲೂ ಬೇಡಿ.

ಪ್ರೊಫೆಸರ್‌ಗೆ ಬರೆಯುವ ಇಮೇಲ್ ಬಗ್ಗೆ ಒಂದು ಮಾತು. 'ರೆಸ್ಪೆಕ್ಟೆಡ್ ಸರ್, ಐ ಆಮ್ ಪ್ಯಾಶನೇಟ್ ಅಬೌಟ್ ಕ್ಲೈಮೇಟ್ ಚೇಂಜ್' ಅಂತ ಶುರುವಾಗುವ ಪತ್ರ ಅವರಿಗೆ ದಿನಕ್ಕೆ ಎಷ್ಟೋ ಬರುತ್ತವೆ. ನಾನೂ ಬರೆದಿದ್ದೆ, ಇಪ್ಪತ್ತಮೂರು ಜನರಿಗೆ, ಒಬ್ಬರೂ ಉತ್ತರ ಕೊಡಲಿಲ್ಲ. ಇಪ್ಪತ್ತನಾಲ್ಕನೆಯದು ಬೇರೆ ಥರ ಬರೆದೆ. ಟೂಲಿಕ್‌ನಲ್ಲಿ 1987ರಿಂದ ಆರ್ಕ್ಟಿಕ್ ಎಲ್‌ಟಿಇಆರ್ ಅನ್ನುವ ದೀರ್ಘಾವಧಿ ಯೋಜನೆ ನಡೆಯುತ್ತಿದೆ. ಅದರ ಡೇಟಾ ಎಲ್ಲ ಬಿಟ್ಟಿ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನೆಲ ಎಷ್ಟು ಆಳ ಕರಗಿದೆ ಅನ್ನುವ ಅಳತೆಯ ಫೈಲ್ ಇಳಿಸಿಕೊಂಡು, ನಮ್ಮ ಕಾಲೇಜಿನ ನಿಧಾನ ಕಂಪ್ಯೂಟರಿನಲ್ಲಿ ಒಂದು ಗ್ರಾಫ್ ಮಾಡಿ, 'ಈ ಎರಡು ವರ್ಷ ಮಾತ್ರ ಯಾಕೆ ಹೀಗಿದೆ' ಅಂತ ಕೇಳಿದೆ. ಎರಡು ದಿನದಲ್ಲಿ ಉತ್ತರ ಬಂತು. ಉತ್ತರ ಏನು ಅಂದರೆ, ಆ ವರ್ಷ ಅಳತೆ ಮಾಡಿದ ವಾರ ಬೇರೆ, ಅಷ್ಟೇ. ಅಂದರೆ ನನ್ನ ಪ್ರಶ್ನೆ ದಡ್ಡ ಪ್ರಶ್ನೆ. ಆದರೆ ಈ ಹುಡುಗಿ ಫೈಲ್ ತೆರೆದು ನೋಡಿದ್ದಾಳೆ ಅಂತ ಅವರಿಗೆ ಗೊತ್ತಾಯಿತು.

ಯುರೋಪಿನ ಬಾಗಿಲು ಬೇರೆ ಥರ. ನಾರ್ವೆ, ಸ್ವೀಡನ್‌ನಲ್ಲಿ ಪಿಎಚ್‌ಡಿ ಅಂದರೆ ಸಂಬಳದ ಕೆಲಸ, ಜಾಹೀರಾತು ಕೊಟ್ಟು ತೆಗೆದುಕೊಳ್ಳುತ್ತಾರೆ. ಸ್ವೀಡನ್ನಿನ ಅಬಿಸ್ಕೋದಲ್ಲಿ 1913ರಿಂದ ಹವಾಮಾನದ ಲೆಕ್ಕ ಇಟ್ಟಿದ್ದಾರೆ. ಅಲ್ಲಿಗೆ ರೈಲೇ ಹೋಗುತ್ತದೆ, ಡಾಲ್ಟನ್ ರಸ್ತೆ ನೋಡಿದವರಿಗೆ ಅದು ಸ್ವರ್ಗ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ, 78 ಡಿಗ್ರಿ ಉತ್ತರದಲ್ಲಿ, 1993ರಿಂದ ಯುನಿಸ್ ಅನ್ನುವ ವಿಶ್ವವಿದ್ಯಾಲಯ ಕೇಂದ್ರವಿದೆ. ಬೇರೆ ಕಡೆ ಎಂಎಸ್ಸಿ, ಪಿಎಚ್‌ಡಿ ಮಾಡುತ್ತಿರುವವರು ಅಲ್ಲಿ ಹೋಗಿ ಇಂಗ್ಲಿಷಿನಲ್ಲಿ ಆರ್ಕ್ಟಿಕ್ ಜೀವಶಾಸ್ತ್ರದ ಕೋರ್ಸ್ ಮಾಡಬಹುದು. ಪಾಠಕ್ಕೆ ಮೊದಲು ಬಂದೂಕು ಹಿಡಿಯುವುದು ಕಲಿಸುತ್ತಾರೆ. ನಿಮ್ಮ ಪೋಸ್ಟರಿನ ಹಿಮಕರಡಿ ಇರುವುದು ಅಲ್ಲಿ. ಸ್ವಾಲ್‌ಬಾರ್ಡಿಗೆ ವೀಸಾ ಬೇಡ ಅಂತ ಕೇಳಿರುತ್ತೀರಿ, ನಿಜ. ಆದರೆ ವಿಮಾನ ಹೋಗುವುದು ನಾರ್ವೆ ಮೇಲಿಂದ, ಅದಕ್ಕೆ ಯುರೋಪಿನ ಷೆಂಗೆನ್ ವೀಸಾ ಬೇಕು, ಅದೂ ಎರಡು ಸಲ ಒಳಗೆ ಬರಲು ಆಗುವಂಥದ್ದು. ಒಂದೇ ಎಂಟ್ರಿಯ ವೀಸಾ ಹಿಡಿದು ಹೋದರೆ ವಾಪಸು ಬರುವಾಗ ಸಿಕ್ಕಿಬೀಳುತ್ತೀರಿ.

ಇವೆಲ್ಲವನ್ನೂ ಒಟ್ಟಿಗೆ ಕಟ್ಟುವ ಒಂದು ಪ್ರಯೋಗ ಇದೆ, ಐಟೆಕ್ಸ್ ಅಂತ, 1990ರಲ್ಲಿ ಶುರುವಾದದ್ದು. ಮೇಲೆ ಬಾಯಿ ತೆರೆದ ಆರು ಮೂಲೆಯ ಪಾರದರ್ಶಕ ಡಬ್ಬ, ಅದನ್ನು ಗಿಡದ ಸುತ್ತ ಇಟ್ಟರೆ ಒಳಗೆ ಒಂದರಿಂದ ಮೂರು ಡಿಗ್ರಿ ಬೆಚ್ಚಗಾಗುತ್ತದೆ. ಕರೆಂಟ್ ಬೇಡ, ದುಬಾರಿಯಲ್ಲ, ಎಲ್ಲ ದೇಶದವರೂ ಒಂದೇ ಥರ ಮಾಡಬಹುದು. ಇದರ ಬುದ್ಧಿವಂತಿಕೆ ಇರುವುದೇ ಅದರ ಬಡತನದಲ್ಲಿ. 2024ರಲ್ಲಿ 28 ಜಾಗಗಳ 56 ಇಂಥ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದರು: ಗಾಳಿ ಸರಾಸರಿ 1.4 ಡಿಗ್ರಿ ಬೆಚ್ಚಗಾದರೆ ಬೇಸಿಗೆಯಲ್ಲಿ ನೆಲ, ಗಿಡ ಎಲ್ಲ ಸೇರಿ ಬಿಡುವ ಉಸಿರು, ಅಂದರೆ ಇಂಗಾಲದ ಡೈಆಕ್ಸೈಡ್, ಶೇಕಡ 30 ಹೆಚ್ಚು. ಅದರ ಹಿಂದೆ ಎಷ್ಟು ವಿದ್ಯಾರ್ಥಿಗಳು ಸೊಳ್ಳೆ ಕಚ್ಚಿಸಿಕೊಂಡಿದ್ದಾರೋ. ರಷ್ಯಾದ ಕಡೆಯ ಟಂಡ್ರಾ ಮಾತ್ರ 2022ರ ಯುದ್ಧದ ನಂತರ ಹೊರಗಿನವರಿಗೆ ಹೆಚ್ಚುಕಮ್ಮಿ ಮುಚ್ಚಿದ ಹಾಗೇ ಆಗಿದೆ. ನಕ್ಷೆ ತೆಗೆದು ಸೈಬೀರಿಯಾ ಎಷ್ಟಗಲ ಇದೆ ನೋಡಿ, ನಷ್ಟ ಎಷ್ಟು ಅಂತ ಗೊತ್ತಾಗುತ್ತದೆ.

ನಮ್ಮ ದೇಶದ್ದೂ ಒಂದು ಮನೆ ಇದೆ ಅಲ್ಲಿ. ಸ್ವಾಲ್‌ಬಾರ್ಡಿನ ನಿ-ಓಲೆಸುಂಡ್‌ನಲ್ಲಿ 2008ರ ಜುಲೈ 1ರಂದು ತೆರೆದ 'ಹಿಮಾದ್ರಿ'. ಗೋವಾದಲ್ಲಿರುವ ಧ್ರುವ ಮತ್ತು ಸಾಗರ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಎನ್‌ಸಿಪಿಓಆರ್ ನೋಡಿಕೊಳ್ಳುತ್ತದೆ, ಸಂಶೋಧನೆಗೆ ಪ್ರಸ್ತಾವ ಕರೆಯುತ್ತದೆ. ಪ್ರಸ್ತಾವ ಹಾಕಬೇಕಾದವರು ನಿಮ್ಮ ಗೈಡ್, ನೀವಲ್ಲ. ಅವರನ್ನು ಕಾಡಿ. 2023ರ ಡಿಸೆಂಬರಿನಲ್ಲಿ ಮೊದಲ ಚಳಿಗಾಲದ ತಂಡ ಹೋದಾಗ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಅದರಲ್ಲಿತ್ತು. ಅವರು ಹೋದದ್ದು ಗಿಡ ನೋಡಲು ಅಲ್ಲ, ರೇಡಿಯೋ ಅಲೆ ನೋಡಲು. ಆ ಊರಲ್ಲಿ ವೈಫೈ, ಬ್ಲೂಟೂತ್ ಎಲ್ಲ ಆಫ್ ಮಾಡಿರಬೇಕು, ಹತ್ತಿರದ ರೇಡಿಯೋ ದೂರದರ್ಶಕಕ್ಕೆ ತೊಂದರೆ ಆಗಬಾರದು ಅಂತ. ನಿಮ್ಮಲ್ಲಿ ಕೆಲವರಿಗೆ ಚಳಿಗಿಂತ ಇದೇ ಕಷ್ಟ ಆಗಬಹುದು.

ಮತ್ತೆ, ಉತ್ತರ ಧ್ರುವದ ಕಡೆಗೇ ಹೋಗಬೇಕು ಅಂತಲೂ ಇಲ್ಲ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ಹಿಮಾಚಲದ ಸ್ಪಿತಿಯಲ್ಲಿ ಕೆಲವು ಜಾಗಕ್ಕೆ ಬೇಲಿ ಹಾಕಿ, ಯಾಕ್, ಐಬೆಕ್ಸ್ ಎಂಬ ಕಾಡುಮೇಕೆ ಒಳಗೆ ಬರದ ಹಾಗೆ ಮಾಡಿ, 16 ವರ್ಷ ಮಣ್ಣು ತೆಗೆದು ನೋಡಿದರು. 2022ರಲ್ಲಿ ಬಂದ ಫಲಿತಾಂಶ: ಪ್ರಾಣಿ ಮೇಯದ ಕಡೆ ಮಣ್ಣಿನ ಇಂಗಾಲ ವರ್ಷದಿಂದ ವರ್ಷಕ್ಕೆ ಏರಿಳಿಯುವುದು ಶೇಕಡ 30–40 ಜಾಸ್ತಿ. ಸ್ಪಿತಿ ಟಂಡ್ರಾ ಅಲ್ಲ, ಒಣ ಶೀತ ಹುಲ್ಲುಗಾವಲು. ಆದರೆ ಪ್ರಶ್ನೆ ಅದೇ, ನಿಧಾನವೂ ಅದೇ. ಬಸ್ಸು ಹತ್ತಿ ಹೋಗಬಹುದು. ವೀಸಾ ಬೇಡ.

ದಿನಚರಿ ಕೇಳಿದಿರಿ. ಬೆಳಿಗ್ಗೆ ತಿಂಡಿ ತಿಂದು, ಮಧ್ಯಾಹ್ನದ ಬುತ್ತಿ ಕಟ್ಟಿಕೊಂಡು, ಮರದ ಹಲಗೆಯ ದಾರಿ ಹಿಡಿದು ಪ್ಲಾಟಿಗೆ ಹೋಗುವುದು. ಹಲಗೆ ಬಿಟ್ಟು ಕೆಳಗೆ ಕಾಲಿಟ್ಟರೆ ಬೈಸಿಕೊಳ್ಳುತ್ತೀರಿ, ಒಂದು ಹೆಜ್ಜೆಯ ಗುರುತು ಅಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಲಗೆ ಇಲ್ಲದ ಕಡೆ ಹುಲ್ಲಿನ ಗುಪ್ಪೆಗಳ ನಡುವೆ ನಡೆಯಬೇಕು. ಗುಪ್ಪೆಯ ಮೇಲೆ ಕಾಲಿಟ್ಟರೆ ಅದು ಪಕ್ಕಕ್ಕೆ ವಾಲುತ್ತದೆ, ನಡುವೆ ಇಟ್ಟರೆ ನೀರು. ಗದ್ದೆಯಲ್ಲಿ ನೂರಾರು ಬೋಗುಣಿ ಬೋರಲು ಹಾಕಿ ಅದರ ಮೇಲೆ ನಡೆಯಿರಿ ಅಂದ ಹಾಗೆ. ನಾನು ಉಂಬಳ ಕಚ್ಚಿಸಿಕೊಂಡು ಬೆಳೆದವಳು, ಸೊಳ್ಳೆ ಏನು ಮಹಾ ಅಂದುಕೊಂಡು ಹೋದೆ. ಜುಲೈನ ಗಾಳಿಯಿಲ್ಲದ ಮಧ್ಯಾಹ್ನ ಬಲೆಯ ಟೋಪಿ ಇಲ್ಲದೆ ಊಟ ಮಾಡಿದರೆ ಚಪಾತಿ ಜೊತೆ ಸೊಳ್ಳೆಯೂ ಒಳಗೆ. ಸ್ನಾನ ವಾರಕ್ಕೆ ಎರಡು ಸಲ, ಎರಡೆರಡೇ ನಿಮಿಷ. ಕೊಳೆ ನೀರನ್ನು ಅಲ್ಲಿ ಬಿಡುವ ಹಾಗಿಲ್ಲ. ಕೆರೆ ಪಕ್ಕ ಸೌನಾ, ಅಂದರೆ ಬೆವರಿಸುವ ಬಿಸಿ ಕೋಣೆ, ಇದೆ, ಅದರಲ್ಲಿ ಬೆವರಿ ತಣ್ಣೀರಿಗೆ ಹಾರುವವರು ಹಾರುತ್ತಾರೆ. ನಾನು ಒಂದೇ ಸಲ ಹಾರಿದ್ದು. ಮೇ ಕೊನೆಯಿಂದ ಜುಲೈ ಮೂರನೇ ವಾರದವರೆಗೆ ಸೂರ್ಯ ಮುಳುಗುವುದಿಲ್ಲ. ಅಮ್ಮ ಫೋನಿನಲ್ಲಿ 'ಊಟ ಆಯ್ತೇನೇ, ಮಲಗಲ್ವಾ' ಅಂದರೆ 'ಇನ್ನೂ ಬಿಸಿಲಿದೆ ಅಮ್ಮಾ' ಅನ್ನುತ್ತಿದ್ದೆ, ರಾತ್ರಿ ಒಂದು ಗಂಟೆಗೆ. ಅವರು ಕೊನೆವರೆಗೂ ಪೂರ್ತಿ ನಂಬಲಿಲ್ಲ.

ಕೆಲಸ ಅಂದರೆ ನನ್ನದು ಬೇರು. ಕಾಟನ್ ಗ್ರಾಸಿನ ಬೇರು ಪ್ರತಿ ವರ್ಷ ಹೊಸದಾಗಿ ಹುಟ್ಟುತ್ತದೆ. ನೆಲ ಕರಗಿದ ಹಾಗೆ, ಅದರ ಹಿಂದೆಯೇ ಇಳಿದು, ಹೆಪ್ಪಿನ ಅಂಚು ಮುಟ್ಟುತ್ತದೆ. ಬರ್ಚ್ ಪೊದೆಯ ಬೇರು ಮೇಲ್ಗಡೆಯೇ ಇರುತ್ತದೆ. ಗೊಬ್ಬರ ಹಾಕಿದ ಹಳೇ ಪ್ಲಾಟಿನಲ್ಲಿ, ಶರತ್ಕಾಲದಲ್ಲಿ ಎಲೆ ಒಣಗಿದ ಮೇಲೂ ಕೆಳಗೆ ಬೇರು ಬೆಳೆಯುತ್ತಿರುತ್ತದಾ ಅಂತ ನನ್ನ ಪ್ರಶ್ನೆ. ಅದಕ್ಕೆ ಜೊತೆಯಾಗಿ ಎಲ್ಲ ಪ್ಲಾಟಿನಲ್ಲೂ ಕರಗಿದ ಆಳ ಅಳೆಯಬೇಕು. ಗುರುತು ಹಾಕಿದ ಕಬ್ಬಿಣದ ಸರಳನ್ನು ನೆಲಕ್ಕೆ ಒತ್ತುವುದು, ಟಕ್ ಅಂತ ಹೆಪ್ಪಿಗೆ ತಾಗಿದಾಗ ಬರೆದುಕೊಳ್ಳುವುದು. ಮತ್ತೆ ಒತ್ತುವುದು. ಒಂದು ದಿನಕ್ಕೆ ಮುನ್ನೂರು ಸಲ. ಬರೆಯುವುದು ಪೆನ್ಸಿಲ್‌ನಲ್ಲಿ, ಪೆನ್ನಿನಲ್ಲಿ ಬರೆದರೆ ಮಳೆ ತೊಳೆದುಬಿಡುತ್ತದೆ.

ಎರಡನೇ ವರ್ಷ ಆಗಸ್ಟಿನಲ್ಲಿ ಒಂದು ದಿನ ಆಲಿಕಲ್ಲಿನ ಥರದ ಮಳೆ. ಕೈ ಮರಗಟ್ಟಿತ್ತು. ಮೂರನೇ ಸಾಲಿನಲ್ಲಿ ಎರಡು ಪ್ಲಾಟಿನ ಗೂಟ ಚಳಿಗಾಲದ ಹೆಪ್ಪಿಗೆ ಮೇಲೆದ್ದು ಬಿದ್ದಿದ್ದವು, ತಗಡಿನ ನಂಬರ್ ಸಿಗಲಿಲ್ಲ. ಯಾವುದು ಯಾವುದು ಅಂತ ಅಂದಾಜಿನ ಮೇಲೆ ಅಳೆದು, ನೋಟ್‌ಬುಕ್‌ನಲ್ಲಿ ಆ ಎರಡು ಪ್ಲಾಟಿನ ಮುಂದೆ ಒಂದೊಂದು ಪ್ರಶ್ನೆ ಚಿಹ್ನೆ ಹಾಕಿದೆ. ಟೆಂಟಿಗೆ ಹೋಗಿ ಸರಿಮಾಡೋಣ ಅಂದುಕೊಂಡೆ. ಮಾಡಲಿಲ್ಲ.

ಕೊನೆಗೆ ಒಬ್ಬ ಹುಡುಗ ಎದ್ದು ಕೇಳಿದ, 'ಮೇಡಂ, ನಿಮ್ಮ ಪ್ಲಾಟಿನಲ್ಲಿ ಕೊನೆಗೂ ಏನು ಸಿಕ್ತು?' ಒಳ್ಳೆಯ ಪ್ರಶ್ನೆ. ಬೇರಿನದು ಸಿಕ್ಕಿತು, ಥೀಸಿಸ್ ಆಯಿತು. ಕರಗಿದ ಆಳದ ವಿಷಯದಲ್ಲಿ ನನ್ನ ಮೂರು ಬೇಸಿಗೆಯಲ್ಲಿ ಹೇಳುವಂಥ ವ್ಯತ್ಯಾಸ ಏನೂ ಕಾಣಲಿಲ್ಲ. ನನ್ನ ಅಂಕಿಗಳು ಆ ಉದ್ದ ಫೈಲಿನಲ್ಲಿ ಕೆಲವು ಸಾಲಾಗಿ ಕೂತಿವೆ, ನಾನು ಮರೆತೇಬಿಟ್ಟಿದ್ದೆ. ಹೋದ ವರ್ಷ ಒಂದು ಇಮೇಲ್ ಬಂತು. ಈಗ ಅದೇ ಪ್ಲಾಟುಗಳಲ್ಲಿ ಅಳೆಯುತ್ತಿರುವ ಒಬ್ಬ ವಿದ್ಯಾರ್ಥಿನಿ, ನನಗೆ ಪರಿಚಯವೇ ಇಲ್ಲ. ಎರಡೇ ಸಾಲು. ನಿಮ್ಮ ನೋಟ್‌ಬುಕ್ ಸ್ಕ್ಯಾನ್ ನೋಡುತ್ತಿದ್ದೇನೆ, ಮೂರನೇ ಸಾಲಿನ ಎರಡು ಪ್ಲಾಟಿನ ಮುಂದೆ ಪ್ರಶ್ನೆ ಚಿಹ್ನೆ ಇದೆ, ಯಾಕೆ ಅಂತ ನೆನಪಿದೆಯಾ ಅಂತ ಕೇಳಿದ್ದಳು.

ಒಂದೂವರೆ ಪುಟ ಉತ್ತರ ಬರೆದೆ.